ಕೋವಿ ಒಪ್ಪುವ ತೋಟೆ

ಕುಣಿಯಲಾರದವಳು ನೆಲ ಡೊಂಕೆಂದಳು ಎಂಬ ಗಾದೆಯನ್ನು ಕೇಳದವರಿಲ್ಲ. ಗುರಿ ತಪ್ಪಿದವನು ತೋಟೆಯನ್ನು ಹಳಿಯುವುದೂ ಇದೇ ಜಾತಿಗೆ ಸೇರಿದ ಮಾತೆಂದು ಅನುಭವಸ್ಥರು ನಗುವುದುಂಟು. ಬಹುಮಟ್ಟಿಗೆ ಅವರ ನಗು ನ್ಯಾಯವಾದದ್ದೇ. ಕೈ ಅಲುಗಿರುತ್ತದೆ; ಉಸಿರು ಹದ ತಪ್ಪಿರುತ್ತದೆ; ಮೆಲ್ಲನೆ ಒತ್ತಬೇಕಾದ ಕುದುರೆಯನ್ನು ಬೆರಳು ಕಿತ್ತೆಳೆದಿರುತ್ತದೆ. ತಪ್ಪು ಮನುಷ್ಯನದು, ಶಾಪ ತೋಟೆಗೆ.

ಆದರೆ ಒಮ್ಮೊಮ್ಮೆ ನೆಲವೇ ಡೊಂಕಾಗಿರುವುದೂ ಸುಳ್ಳಲ್ಲ. ರೈಫಲನ್ನು ಕಬ್ಬಿಣದ ಹಿಡಿಕೆಯಲ್ಲಿ ಬಿಗಿದು, ಗಾಳಿಯ ಸುಳಿವೂ ಇಲ್ಲದ ಸುರಂಗದಲ್ಲಿ ಇರಿಸಿ, ಐವತ್ತು ಮೀಟರು ದೂರದ ಕಾಗದಕ್ಕೆ ಹತ್ತು ಗುಂಡುಗಳನ್ನು ಹಾರಿಸಿದರೆ ಆ ಹತ್ತೂ ಒಂದೇ ತೂತಿನಲ್ಲಿ ಹಾಯುವುದಿಲ್ಲ. ಒಂದು ಬಗೆಯ ತೋಟೆಯನ್ನು ತುಂಬಿದಾಗ ಹತ್ತು ತೂತುಗಳೂ ಒಂದು ರೂಪಾಯಿ ನಾಣ್ಯದ ಅಡಿಯಲ್ಲಿ ಅಡಗಬಹುದು. ಇನ್ನೊಂದು ಬಗೆಯದನ್ನು ತುಂಬಿದಾಗ ಅದೇ ರೈಫಲು, ಅದೇ ಹಿಡಿಕೆ, ಅದೇ ಸುರಂಗ. ತೂತುಗಳು ಮಾತ್ರ ಒಂದು ನಿಂಬೆಹಣ್ಣಿನಷ್ಟು ಅಗಲಕ್ಕೆ ಚೆದರಿರುತ್ತವೆ. ಇಲ್ಲಿ ನಡುಗಲು ಕೈಯೇ ಇಲ್ಲ. ಕಾರಣವನ್ನು ಬೇರೆಡೆ ಹುಡುಕಬೇಕಾಗುತ್ತದೆ.

ಒಂದು ನಿಂಬೆಹಣ್ಣಿನಷ್ಟು ಅಂತರಕ್ಕೆ ಇಷ್ಟು ಚಿಂತೆಯೇಕೆ ಎಂದು ವಾಚಕರು ಕೇಳಬಹುದು. ಉತ್ತರಕ್ಕಾಗಿ ೨೦೧೨ರ ಲಂಡನ್ ಒಲಿಂಪಿಕ್ಸನ್ನು ನೆನೆಯಬೇಕು. ಆ ವರ್ಷದ ಆಗಸ್ಟ್ ೩ರಂದು ಪುರುಷರ ೫೦ ಮೀಟರು ರೈಫಲು ಸ್ಪರ್ಧೆ ನಡೆಯಿತು. ಮಲಗಿ ಗುಂಡು ಹಾರಿಸುವ ಆ ಸ್ಪರ್ಧೆಯನ್ನು ೨೦೧೬ರ ನಂತರ ಒಲಿಂಪಿಕ್ಸಿನಿಂದ ಕೈಬಿಡಲಾಗಿದೆ. ಅರವತ್ತು ಗುಂಡುಗಳ ಮೊದಲ ಸುತ್ತು, ಹತ್ತು ಗುಂಡುಗಳ ಅಂತಿಮ ಸುತ್ತು. ಬೆಲಾರುಸ್ ದೇಶದ ಸೆರ್ಗೈ ಮಾರ್ಟಿನೋವ್ ೭೦೫.೫ ಅಂಕಗಳಿಂದ ಚಿನ್ನ ಗೆದ್ದರು. ಬೆಲ್ಜಿಯಮ್ಮಿನ ಲಯೊನೆಲ್ ಕಾಕ್ಸ್ ೭೦೧.೨ ಅಂಕಗಳಿಂದ ಬೆಳ್ಳಿ. ಸ್ಲೊವೇನಿಯದ ರೈಮಂಡ್ ಡೆಬೆವೆತ್ಸ್ ೭೦೧.೦ ಅಂಕಗಳಿಂದ ಕಂಚು. ನಾಲ್ಕನೆಯವರು ಭಾರತದ ಜಯದೀಪ್ ಕರ್ಮಾಕರ್. ಅವರ ಅಂಕ ೬೯೯.೧.

ಈ ಅಂಕಗಳನ್ನು ಅಳತೆಗೋಲಿಗೆ ಹಚ್ಚಿ ನೋಡಿದರೆ ಎದೆ ಝಲ್ಲೆನ್ನುತ್ತದೆ. ೫೦ ಮೀಟರಿನ ಗುರಿಕಾಗದದಲ್ಲಿ ಹತ್ತು ಅಂಕದ ನಡುವಣ ವೃತ್ತದ ವ್ಯಾಸ ಕೇವಲ ೧೦.೪ ಮಿಲಿಮೀಟರು. ಅದರಿಂದ ಹೊರಕ್ಕೆ ಪ್ರತಿಯೊಂದು ಉಂಗುರದ ಅಗಲ ೮ ಮಿಲಿಮೀಟರು. ಅಂಕವನ್ನು ದಶಮಾಂಶದಲ್ಲಿ ಎಣಿಸುವಾಗ ಆ ಎಂಟನ್ನು ಹತ್ತು ಪಾಲು ಮಾಡುತ್ತಾರೆ. ಅಂದರೆ ಹತ್ತನೆಯ ಒಂದಂಶ ಅಂಕಕ್ಕೆ ೦.೮ ಮಿಲಿಮೀಟರು. ಬೆಳ್ಳಿಗೂ ಕಂಚಿಗೂ ನಡುವೆ ಇದ್ದ ೦.೨ ಅಂಕ, ಈ ಲೆಕ್ಕದಲ್ಲಿ, ೧.೬ ಮಿಲಿಮೀಟರು. ಎಪ್ಪತ್ತು ಗುಂಡುಗಳನ್ನು ಹಾರಿಸಿದ ಮೇಲೆ ಎರಡು ಪದಕಗಳ ನಡುವೆ ಉಳಿದದ್ದು ಒಂದು ಸಾಸಿವೆ ಕಾಳಿನ ದಪ್ಪ! ಕರ್ಮಾಕರರನ್ನು ಪದಕದಿಂದ ದೂರವಿಟ್ಟದ್ದು ೧.೯ ಅಂಕ, ಅದೂ ಎರಡು ಉಂಗುರಕ್ಕೆ ಕಡಿಮೆ. ಇಂತಹ ತಕ್ಕಡಿಯಲ್ಲಿ ತೋಟೆಯ ಗುಣವೂ ಒಂದು ತೂಕದ ಕಲ್ಲೇ ಸರಿ.

ಕೋವಿಗೆ ಹೂ ಮುಡಿಸುವ ನಾಡು

ಕರ್ನಾಟಕದಲ್ಲಿ ಕೋವಿಯ ಮಾತೆತ್ತಿದರೆ ಮೊದಲು ನೆನಪಾಗುವುದು ಕೊಡಗು. ಗಂಡುಮಗು ಹುಟ್ಟಿದರೆ ಒಂದು ಈಡು, ಮನೆಯಲ್ಲಿ ಸಾವಾದರೆ ಎರಡು ಈಡು. ಪುತ್ತರಿಯ ದಿನ ಹೊಸ ಬತ್ತದ ತೆನೆ ಕೊಯ್ಯುವಾಗ ಮತ್ತೊಂದು. ಹೀಗೆ ಹುಟ್ಟು, ಸಾವು, ಬೆಳೆಗಳನ್ನು ಕೋವಿಯ ದನಿಯಿಂದಲೇ ಬೆಟ್ಟದಿಂದ ಬೆಟ್ಟಕ್ಕೆ ಸಾರಿದ ಜನ ಕೊಡವರು. ನಾಟಿಯ ಕೆಲಸ ಮುಗಿದ ಮೇಲೆ, ಸೆಪ್ಟೆಂಬರಿನ ಮೊದಲಲ್ಲಿ ಬರುವ ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಯನ್ನು ತೊಳೆದು, ಒರೆಸಿ, ಪೂಜಿಸಿ, ಅದಕ್ಕೆ 'ತೋಕ್ ಪೂ' ಎಂಬ ಹೂವನ್ನು ಮುಡಿಸುತ್ತಾರೆ. ತೋಕ್ ಎಂದರೆ ಕೊಡವರ ನುಡಿಯಲ್ಲಿ ಕೋವಿ. ಪೂಜೆ, ಊಟಗಳಾದ ಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಪಾಯಿಂಟ್ ೨೨ ರೈಫಲಿಗೆ ಒಂದು ವಿಭಾಗ, ೧೨ ಬೋರಿನ ಕೋವಿಗೆ ಇನ್ನೊಂದು ವಿಭಾಗ ಇರುವುದು ವಾಡಿಕೆ.

ಬ್ರಿಟಿಷರ ಕಾಲದಿಂದ ನಡೆದು ಬಂದ ವಿನಾಯಿತಿಯಂತೆ ಕೊಡವರೂ ಜಮ್ಮಾ ಭೂಮಿಯ ಹಿಡುವಳಿದಾರರೂ ಲೈಸೆನ್ಸಿಲ್ಲದೆ ಕೋವಿಯನ್ನು ಇಟ್ಟುಕೊಳ್ಳಬಹುದು. ಕೇಂದ್ರ ಸರ್ಕಾರ ೨೦೧೯ರಲ್ಲಿ ಇದನ್ನು ೨೦೨೯ರವರೆಗೆ ಮುಂದುವರಿಸಿತು. ೨೦೨೧ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಆದರೆ ಈ ವಿನಾಯಿತಿಗೂ ಒಂದು ಬೇಲಿಯುಂಟು: ಕೊಡಗು ಜಿಲ್ಲೆಯೊಳಗೆ, ಒಬ್ಬರಿಗೆ ಒಂದು ರೈಫಲು ಮತ್ತು ಅದಕ್ಕೆ ನೂರು ತೋಟೆ, ಇಲ್ಲವೇ ನುಣುಪು ನಳಿಗೆಯ ಒಂದು ಕೋವಿ ಮತ್ತು ಅದಕ್ಕೆ ಐನೂರು ತೋಟೆ. ಈ 'ನೂರು' ಎಂಬ ಸಂಖ್ಯೆಯನ್ನು ವಾಚಕರು ನೆನಪಿನಲ್ಲಿಡಬೇಕು. ಅದರ ಪ್ರಸಂಗ ಮುಂದೆ ಬರುವುದಿದೆ.

ಹಿಂದೆ ತೋಟೆಯನ್ನು ಆರಿಸುವವರು ಕೇಳುತ್ತಿದ್ದ ಪ್ರಶ್ನೆಯೇ ಬೇರೆ. ಬೆಂಗಳೂರಿನ ಪ್ರಸಿದ್ಧ ಬೇಟೆಗಾರ ಕೆನೆತ್ ಆಂಡರ್ಸನ್ ಹೊತ್ತು ತಿರುಗಿದ್ದು ಪಾಯಿಂಟ್ ೪೦೫ ವಿಂಚೆಸ್ಟರ್ ರೈಫಲನ್ನು. ಎದುರಿಗೆ ಬರುವುದು ನರಭಕ್ಷಕ ಹುಲಿ. ಆಗ ಬೇಕಾದದ್ದು ಒಂದೇ ಏಟಿಗೆ ಕೆಡಹುವ ಬಲ. ಗುಂಡು ಒಂದು ಅಂಗುಲ ಆಚೀಚೆಯಾದರೂ ಅದು ಕಥೆಯನ್ನು ಬದಲಿಸುತ್ತಿರಲಿಲ್ಲ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಆ ಕಾಲಕ್ಕೆ ತೆರೆಯೆಳೆಯಿತು. ಇಂದು ರೈಫಲಿಗೆ ಎದುರಾಗಿ ನಿಲ್ಲುವುದು ಕಾಗದ. ಹಬ್ಬದ ದಿನ ತೆಂಗಿನಕಾಯಿ. ಕಾಗದವನ್ನು ಕೊಲ್ಲಲು ಬಲ ಬೇಕಿಲ್ಲ. ಬೇಕಾದದ್ದು, ಮೊದಲನೆಯ ಗುಂಡು ಹೋದ ದಾರಿಯಲ್ಲೇ ಎರಡನೆಯದೂ ಹೋಗುವ ಸಮತೆ. ಬಲಕ್ಕೆ ಹೆಸರಾದ ತೋಟೆಗೆ ಸಮತೆಯೂ ಇರುವುದೆಂಬ ಭರವಸೆಯಿಲ್ಲ.

ತೋಟೆಯ ಒಡಲಲ್ಲಿ

ತೋಟೆ ಎಂಬುದು ನಾಲ್ಕು ವಸ್ತುಗಳ ಒಂದು ಕೂಡು ಕುಟುಂಬ: ಹಿತ್ತಾಳೆಯ ಕೋಶ, ಅದರ ಬುಡದಲ್ಲಿ ಕಿಡಿ ಹುಟ್ಟಿಸುವ ಕೇಪು, ಒಳಗೆ ಮದ್ದು, ಬಾಯಲ್ಲಿ ಸೀಸದ ಗುಂಡು. ದೊಡ್ಡ ರೈಫಲುಗಳ ತೋಟೆಯಲ್ಲಿ ಕೇಪು ಬುಡದ ನಡುವೆ ಬೇರೆಯಾಗಿ ಕೂರುತ್ತದೆ. ಅಮೆರಿಕದಂತಹ ದೇಶಗಳಲ್ಲಿ ಹವ್ಯಾಸಿಗಳು ಖಾಲಿಯಾದ ಕೋಶಕ್ಕೆ ಹೊಸ ಕೇಪು ಕೂರಿಸಿ, ಮದ್ದನ್ನು ತಾವೇ ತೂಗಿ, ತಮಗೆ ಒಪ್ಪುವ ಗುಂಡನ್ನು ಇಟ್ಟು ಮನೆಯಲ್ಲೇ ತೋಟೆಯನ್ನು ಸಿದ್ಧಪಡಿಸಿಕೊಳ್ಳುತ್ತಾರೆ.

ಪಾಯಿಂಟ್ ೨೨ರ ವಿಷಯದಲ್ಲಿ ಇದು ಸಾಧ್ಯವಿಲ್ಲ. ಅಮೆರಿಕದ ಸ್ಟೀವನ್ಸ್ ಕಂಪೆನಿ ೧೮೮೭ರಲ್ಲಿ ಹೊರತಂದ ಈ ಪುಟ್ಟ ತೋಟೆಯಲ್ಲಿ ಕಿಡಿ ಹುಟ್ಟಿಸುವ ಮಸಾಲೆಯನ್ನು ಕೋಶದ ಅಂಚಿನ ಮಡಿಕೆಯೊಳಗೇ ತುಂಬಿರುತ್ತಾರೆ. ರೈಫಲಿನ ಮುಳ್ಳು ಆ ಅಂಚನ್ನು ಜಜ್ಜಿದಾಗ ಕಿಡಿ ಹಾರುತ್ತದೆ. ಒಮ್ಮೆ ಜಜ್ಜಿದ ಅಂಚು ಮರಳಿ ಬಾರದು. ಆದಕಾರಣ ಒಲಿಂಪಿಕ್ಸಿನ ೫೦ ಮೀಟರು ಸ್ಪರ್ಧೆಗಳಲ್ಲಿ ಜಗತ್ತಿನ ಎಷ್ಟು ದೊಡ್ಡ ಗುರಿಗಾರನಾದರೂ ಕಾರ್ಖಾನೆ ಕೊಟ್ಟ ತೋಟೆಯನ್ನೇ ತುಂಬಬೇಕು. ಅದನ್ನು ತಿದ್ದುವ ಅಧಿಕಾರ ಅವನಿಗಿಲ್ಲ. ಆರಿಸುವ ಅಧಿಕಾರವೊಂದೇ ಇರುವುದು.

ಆ ಗುಂಡಿನ ತೂಕ ೨.೬ ಗ್ರಾಮು, ಅಂದರೆ ಸುಮಾರು ಇಪ್ಪತ್ತೊಂದು ಗುಲಗಂಜಿ. ಪಂದ್ಯದ ತೋಟೆಯಲ್ಲಿ ಅದು ಸೆಕೆಂಡಿಗೆ ಸುಮಾರು ೩೨೫ ಮೀಟರು ವೇಗದಿಂದ ನಳಿಗೆಯನ್ನು ಬಿಡುತ್ತದೆ. ೫೦ ಮೀಟರನ್ನು ದಾಟಲು ಸೆಕೆಂಡಿನ ಆರನೆಯ ಒಂದು ಪಾಲು ಸಾಕು. ಆದರೆ ಅಷ್ಟರೊಳಗೆ ಭೂಮಿ ತನ್ನ ಕೆಲಸ ಮಾಡಿರುತ್ತದೆ. ಗುಂಡು ಸುಮಾರು ೧೨ ಸೆಂಟಿಮೀಟರು ಕೆಳಕ್ಕೆ ಇಳಿದಿರುತ್ತದೆ. ಈ ಇಳಿತ ಪ್ರತಿ ಸಲವೂ ಒಂದೇ ಆಗಿದ್ದರೆ ತೊಂದರೆಯಿಲ್ಲ. ಗುರಿಕಣ್ಣನ್ನು ಅಷ್ಟು ಏರಿಸಿಕೊಂಡರೆ ಮುಗಿಯಿತು. ತೊಂದರೆಯಿರುವುದು ವ್ಯತ್ಯಾಸದಲ್ಲಿ. ಒಂದು ತೋಟೆಯಲ್ಲಿ ಮದ್ದು ಕೂದಲೆಳೆಯಷ್ಟು ಕಡಿಮೆಯಾಗಿ ಗುಂಡಿನ ವೇಗ ಸೆಕೆಂಡಿಗೆ ೧೦ ಮೀಟರು ತಗ್ಗಿತೆನ್ನೋಣ. ಆ ಗುಂಡು ಉಳಿದವುಗಳಿಗಿಂತ ಏಳೆಂಟು ಮಿಲಿಮೀಟರು ಕೆಳಗೆ ಬೀಳುತ್ತದೆ. ಎಂಟು ಮಿಲಿಮೀಟರೆಂದರೆ ಒಂದು ಉಂಗುರ. ಒಂದು ಉಂಗುರವೆಂದರೆ ಒಂದು ಅಂಕ. ಲಂಡನ್ನಿನಲ್ಲಿ ಬೆಳ್ಳಿಗೂ ಕಂಚಿಗೂ ಇದ್ದ ಅಂತರ ಅದರ ಐದನೆಯ ಒಂದು ಪಾಲೆಂಬುದನ್ನು ಮರೆಯುವಂತಿಲ್ಲ.

ಹೆಚ್ಚು ವೇಗದ ತೋಟೆಯಾದರೆ ಇಳಿತವೂ ಕಡಿಮೆ, ಗುರಿಯೂ ನೇರ ಎಂದು ಅಂಗಡಿಯಲ್ಲಿ ಹೊಸಬರು ವಾದಿಸುವುದುಂಟು. ಇಲ್ಲಿ ಪ್ರಕೃತಿ ಒಂದು ವಿಚಿತ್ರ ಪಾಠವನ್ನು ಕಲಿಸುತ್ತದೆ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು ೩೪೦ ಮೀಟರು. ಅತಿವೇಗದ ಪಾಯಿಂಟ್ ೨೨ ಗುಂಡು ಅದನ್ನು ಮೀರಿ ಹೊರಡುತ್ತದೆ. ಶಬ್ದವನ್ನು ಮೀರಿದ ವಸ್ತುವಿಗೆ ಗಾಳಿಯ ಪ್ರತಿರೋಧ ಒಮ್ಮೆಗೇ ಏರುವುದರಿಂದ ಗುಂಡು ದಾರಿಯಲ್ಲೇ ಬೇಗ ಸೊರಗುತ್ತದೆ. ಅಡ್ಡಗಾಳಿ ಗುಂಡನ್ನು ಎಷ್ಟು ತಳ್ಳುವುದೆಂಬುದು ಅದು ಗಾಳಿಯಲ್ಲಿ ಎಷ್ಟು ಹೊತ್ತು ಇತ್ತೆಂಬುದಕ್ಕಿಂತ ದಾರಿಯಲ್ಲಿ ಎಷ್ಟು ವೇಗ ಕಳೆದುಕೊಂಡಿತೆಂಬುದನ್ನು ಅವಲಂಬಿಸಿದೆ. ಹೀಗಾಗಿ ಅವಸರದ ಗುಂಡೇ ಗಾಳಿಗೆ ಹೆಚ್ಚು ಓಲುತ್ತದೆ. ಶಬ್ದಕ್ಕಿಂತ ಕೆಳಗಿನ ವೇಗದಲ್ಲಿ ಹೊರಟದ್ದು ಕಡಿಮೆ ಓಲುತ್ತದೆ. ಪಂದ್ಯದ ತೋಟೆಗಳೆಲ್ಲ ಈ ಮಂದಗಮನದವೇ ಆಗಿರುವುದಕ್ಕೆ ಇದು ಕಾರಣ.

ಒಂದೊಂದು ನಳಿಗೆಗೆ ಒಂದೊಂದು ಶ್ರುತಿ

ಹಾಗಾದರೆ ಜಗತ್ತಿನ ಅತ್ಯುತ್ತಮ ತೋಟೆ ಯಾವುದೆಂದು ಕೇಳಿ, ಅದನ್ನೇ ಕೊಂಡುಬಿಟ್ಟರೆ ಆಗದೆ? ಆಗದು. ತೋಟೆಯೊಂದನ್ನು ಮಾತ್ರ ನೋಡಿ ಅದು ಒಳ್ಳೆಯದೆಂದು ಹೇಳಲು ಬರುವುದಿಲ್ಲ. ಯಾವ ರೈಫಲಿಗೆ ಒಳ್ಳೆಯದು ಎಂದು ಕೇಳಬೇಕಾಗುತ್ತದೆ.

ರೈಫಲಿನ ನಳಿಗೆಯ ಒಳಮೈಯಲ್ಲಿ ಸುರುಳಿಯಾಕಾರದ ಗೀರುಗಳಿರುತ್ತವೆ. ಅವು ಗುಂಡನ್ನು ಬುಗುರಿಯಂತೆ ತಿರುಗಿಸುತ್ತವೆ. ತಿರುಗುವ ಗುಂಡು ಮಗುಚದೆ ಮೂಗು ಮುಂದಾಗಿ ಸಾಗುತ್ತದೆ. ಈ ಗೀರುಗಳ ಮಹತ್ವವನ್ನು ವಿಜ್ಞಾನದ ಭಾಷೆಯಲ್ಲಿ ಮೊದಲು ವಿವರಿಸಿದವರಲ್ಲಿ ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್ ಪ್ರಮುಖ. ಗುಂಡಿನ ವೇಗವನ್ನು ಅಳೆಯಲು ತೂಗುವ ಲೋಲಕವನ್ನು ಬಳಸಿ ೧೭೪೨ರಲ್ಲಿ ಗ್ರಂಥ ಬರೆದ ಆತ, ೧೭೪೭ರಲ್ಲಿ ಗೀರು ನಳಿಗೆಯ ಶ್ರೇಷ್ಠತೆಯನ್ನು ರಾಯಲ್ ಸೊಸೈಟಿಯ ಮುಂದೆ ಪ್ರತಿಪಾದಿಸಿದ. ಈಸ್ಟ್ ಇಂಡಿಯಾ ಕಂಪೆನಿಯ ಕೋಟೆಗಳನ್ನು ಬಲಪಡಿಸಲು ಭಾರತಕ್ಕೆ ಬಂದು, ೧೭೫೧ರಲ್ಲಿ ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ ಜ್ವರದಿಂದ ತೀರಿಕೊಂಡ. ಗುಂಡಿನ ಗಣಿತದ ಆದ್ಯರಲ್ಲೊಬ್ಬನ ಬಾಳು ಮುಗಿದದ್ದು ದಕ್ಷಿಣ ಭಾರತದ ಕಡಲ ಕರೆಯಲ್ಲಿ ಎಂಬುದು ಅನೇಕರಿಗೆ ತಿಳಿಯದು.

ಸುರುಳಿ ಎಷ್ಟು ಬಿಗಿಯಾಗಿರಬೇಕೆಂಬುದು ಗುಂಡಿನ ಉದ್ದವನ್ನು ಅವಲಂಬಿಸಿದೆ. ಉದ್ದನೆಯ ಗುಂಡಿಗೆ ಬಿಗಿಯಾದ ಸುರುಳಿ ಬೇಕು. ಇಂಗ್ಲೆಂಡಿನ ಗಣಿತಜ್ಞ ಗ್ರೀನ್‌ಹಿಲ್ ೧೮೭೯ರಲ್ಲೇ ಇದಕ್ಕೊಂದು ಸೂತ್ರ ಕೊಟ್ಟ. ಸಡಿಲ ಸುರುಳಿಯ ನಳಿಗೆಗೆ ಭಾರವಾದ, ಉದ್ದವಾದ ಗುಂಡಿನ ತೋಟೆಯನ್ನು ತುಂಬಿದರೆ ಅದು ಸೋತ ಬುಗುರಿಯಂತೆ ತೂರಾಡುತ್ತದೆ. ಕಾಗದದಲ್ಲಿ ದುಂಡಾದ ತೂತಿನ ಬದಲು ಬೀಗದ ಕೈಯ ಕಂಡಿಯಂತಹ ತೂತು ಕಾಣಿಸಿದರೆ ಗುಂಡು ಅಡ್ಡಾಗಿ ಬಡಿಯಿತೆಂದು ಅರ್ಥ. ಪಾಯಿಂಟ್ ೨೨ರಲ್ಲಿ ನಳಿಗೆಗಳ ಸುರುಳಿ ಸಾಮಾನ್ಯವಾಗಿ ೧೬ ಅಂಗುಲಕ್ಕೆ ಒಂದು ಸುತ್ತು. ಗುಂಡಿನ ತೂಕವೂ ಹೆಚ್ಚುಕಡಿಮೆ ಒಂದೇ. ಅಲ್ಲಿ ಈ ಕಷ್ಟವಿಲ್ಲ. ಆದರೂ ಒಂದು ರೈಫಲು ಮೆಚ್ಚಿದ ತೋಟೆಯನ್ನು ಪಕ್ಕದ ರೈಫಲು ಒಲ್ಲೆನೆನ್ನುತ್ತದೆ.

ಕಾರಣಗಳು ಸೂಕ್ಷ್ಮವಾಗಿವೆ. ಒಂದೇ ಕಾರ್ಖಾನೆಯ ಎರಡು ನಳಿಗೆಗಳ ಒಳಮೈ ಕೂಡ ಕೂದಲೆಳೆಗಿಂತ ಕಿರಿದಾದ ಅಳತೆಯಲ್ಲಿ ಬೇರೆಯಾಗಿರುತ್ತದೆ. ತೋಟೆ ಕೂರುವ ಮನೆಯ ಆಳ ಒಂದಿಷ್ಟು ಹೆಚ್ಚುಕಡಿಮೆ ಇರುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಮದ್ದು ಉರಿದೊಡನೆ ಉಕ್ಕಿನ ನಳಿಗೆಯೂ ಮೀಟಿದ ತಂತಿಯಂತೆ ಕಂಪಿಸುತ್ತದೆ. ಅದರ ತುದಿ ಮೇಲಕ್ಕೂ ಕೆಳಕ್ಕೂ ತೂಗುವ ಯಾವ ಕ್ಷಣದಲ್ಲಿ ಗುಂಡು ಹೊರಬಿತ್ತೆಂಬುದು ಗುರಿಯನ್ನು ನಿರ್ಧರಿಸುತ್ತದೆ. ತಂಬೂರಿಯ ಶ್ರುತಿಗೆ ಹಾಡುವವನ ದನಿ ಸೇರಬೇಕು. ದನಿ ಎಷ್ಟೇ ಇಂಪಾಗಿದ್ದರೂ ಶ್ರುತಿ ಸೇರದಿದ್ದರೆ ಸಂಗೀತವಿಲ್ಲ. ನಳಿಗೆ ಮತ್ತು ತೋಟೆಗಳ ಸಂಬಂಧವೂ ಇಂತಹುದೇ.

ಹೆಸರು ಒಂದೇ, ಲಾಟು ಬೇರೆ

ಇಷ್ಟರಿಂದಲೂ ಮುಗಿಯಲಿಲ್ಲ. ಒಂದು ರೈಫಲಿಗೆ ಒಪ್ಪುವ ತೋಟೆಯ ಹೆಸರು ತಿಳಿದರೂ ಸಾಲದು. ಇದನ್ನು ಅರಿಯಲು ಗಂಗಾವತಿ ತಾಲ್ಲೂಕಿನ ಶ್ರೀರಾಮನಗರದ ಅಕ್ಕಿಯ ವ್ಯಾಪಾರವನ್ನು ನೋಡಿದರೆ ಸಾಕು. ತುಂಗಭದ್ರೆಗೆ ಅಣೆಕಟ್ಟು ಕಟ್ಟಿ ಕಾಲುವೆಗಳಿಗೆ ನೀರು ಹರಿದ ಮೇಲೆ ಬತ್ತದ ಬೀಡಾದ ಸೀಮೆ ಅದು. ಅಲ್ಲಿ ಸೋನಾ ಮಸೂರಿ ಎಂಬ ಹೆಸರು ಚೀಲದ ಮೇಲಿದ್ದ ಮಾತ್ರಕ್ಕೆ ಅನುಭವಸ್ಥ ವರ್ತಕನು ಕಣ್ಣು ಮುಚ್ಚಿ ಕೊಳ್ಳುವುದಿಲ್ಲ. ಯಾವ ಗದ್ದೆಯದು, ಯಾವ ಸುಗ್ಗಿಯದು, ಹೊಸದೋ ಹಳೆಯದೋ ಎಂದು ವಿಚಾರಿಸುತ್ತಾನೆ. ಮೊನಚಾದ ಕೊಳವೆಯನ್ನು ಚೀಲದೊಳಕ್ಕೆ ತೂರಿಸಿ ಒಂದು ಹಿಡಿ ಕಾಳನ್ನು ಅಂಗೈಗೆ ಸುರಿದುಕೊಂಡು ನೋಡುತ್ತಾನೆ. ಹೆಸರು ಒಂದೇ ಆದರೂ ಲಾಟು ಬೇರೆಯಾದರೆ ಅನ್ನವೇ ಬೇರೆ. ಇದನ್ನು ಯಾವ ಗೃಹಿಣಿಗೂ ಹೇಳಿಕೊಡಬೇಕಾಗಿಲ್ಲ.

ತೋಟೆಯ ಕಾರ್ಖಾನೆಯಲ್ಲಿಯೂ ಹೀಗೆಯೇ. ಒಂದು ಸಲಕ್ಕೆ ಕಲಸಿದ ಮದ್ದು, ಒಂದು ಸಲಕ್ಕೆ ಎರಕವಾದ ಸೀಸ, ಒಂದೇ ಹದಕ್ಕೆ ನಿಲ್ಲಿಸಿದ ಯಂತ್ರ. ಇವುಗಳಿಂದ ಹೊರಬಂದ ರಾಶಿಗೆ ಒಂದು ಲಾಟಿನ ಸಂಖ್ಯೆಯನ್ನು ಕೊಟ್ಟು ಪೆಟ್ಟಿಗೆಯ ಮೇಲೆ ಅಚ್ಚೊತ್ತುತ್ತಾರೆ. ಸಂಖ್ಯೆ ಬದಲಾಯಿತೆಂದರೆ ತೋಟೆ ಬದಲಾಯಿತೆಂದೇ ತಿಳಿಯಬೇಕು. ಒಂದೇ ಯಂತ್ರದಿಂದ ಬಂದ ತೋಟೆಗಳನ್ನು ಪರೀಕ್ಷಿಸಿ, ಫಲಕ್ಕೆ ತಕ್ಕಂತೆ ದುಬಾರಿ ಹೆಸರಿನ ಪೆಟ್ಟಿಗೆಗೋ ಅಗ್ಗದ ಹೆಸರಿನ ಪೆಟ್ಟಿಗೆಗೋ ಹಂಚುವ ಪದ್ಧತಿಯೂ ಕೆಲವೆಡೆ ಇದೆ. ಅದಕಾರಣ ಅಗ್ಗದ ಪೆಟ್ಟಿಗೆಯ ಒಪ್ಪುವ ಲಾಟು, ದುಬಾರಿ ಪೆಟ್ಟಿಗೆಯ ಒಪ್ಪದ ಲಾಟನ್ನು ಸೋಲಿಸುವುದು ಅಪರೂಪವೇನಲ್ಲ.

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಈಲಿ, ಜರ್ಮನಿಯ ಫ್ಯೂರ್ಟ್ ಪಟ್ಟಣದಲ್ಲಿ ಆರ್‌ಡಬ್ಲ್ಯೂಎಸ್, ಅದೇ ದೇಶದ ಶ್ಯೋನೆಬೆಕ್ಕಿನಲ್ಲಿ ಲಾಪುವಾ ಕಂಪೆನಿಗಳು ಇದಕ್ಕೆಂದೇ ಸುರಂಗಗಳನ್ನು ಕಟ್ಟಿವೆ. ಗುರಿಗಾರರು ತಮ್ಮ ರೈಫಲನ್ನು ಹೊತ್ತು ಅಲ್ಲಿಗೆ ಹೋಗುತ್ತಾರೆ. ಮರದ ಹಿಡಿಯನ್ನು ಕಳಚಿ, ನಳಿಗೆಯನ್ನು ಹಿಡಿಕೆಯಲ್ಲಿ ಬಿಗಿದು, ಒಂದೊಂದು ಲಾಟಿನಿಂದಲೂ ಹತ್ತು ಹತ್ತು ಗುಂಡುಗಳ ಗುಂಪನ್ನು ಹಾರಿಸಿ, ಯಂತ್ರದಿಂದ ಅಳೆದು, ಒಪ್ಪಿದ ಲಾಟನ್ನು ಸಾವಿರಗಟ್ಟಲೆ ಕೊಂಡು ತರುತ್ತಾರೆ. ಮದುವೆಗೆ ಮುನ್ನ ಜಾತಕ ಕೂಡಿಸುವಂತೆ ಎಂದು ಯಾರಾದರೂ ನಗಬಹುದು. ಇಲ್ಲಿ ಜಾತಕದ ಬದಲು ಅಳತೆಗೋಲು ಇದೆ ಎಂಬುದಷ್ಟೇ ಭೇದ.

ಆರಿಸುವ ಬಗೆ

ಸುರಂಗವಿಲ್ಲದವರೂ ಈ ಪರೀಕ್ಷೆಯನ್ನು ಮಾಡಬಹುದು. ಅದಕ್ಕೆ ಬೇಕಾದದ್ದು ಮರಳಿನ ಚೀಲ, ಗಾಳಿಯಿಲ್ಲದ ಬೆಳಗು, ಒಂದು ನೋಟುಪುಸ್ತಕ ಮತ್ತು ಬಹಳಷ್ಟು ತಾಳ್ಮೆ.

ಮೊದಲನೆಯದಾಗಿ, ನಳಿಗೆಯ ಮೇಲೆ ಅಚ್ಚೊತ್ತಿರುವ ಅಳತೆಯ ತೋಟೆಯನ್ನಲ್ಲದೆ ಬೇರೆಯದನ್ನು ಮುಟ್ಟಲೇಬಾರದು. ಹೆಸರು ಹೋಲುತ್ತದೆಂದು ಮೋಸ ಹೋದರೆ ಹೋಗುವುದು ಗುರಿಯಲ್ಲ, ಕಣ್ಣು. ಅಧಿಕೃತ ಗುರಿಮೈದಾನದ ಹೊರಗೆ ಪರೀಕ್ಷೆ ಸಲ್ಲದು.

ಎರಡನೆಯದಾಗಿ, ಪಾಯಿಂಟ್ ೨೨ರ ಸೀಸದ ಗುಂಡಿಗೆ ಮೇಣವನ್ನೋ ಕೊಬ್ಬನ್ನೋ ಸವರಿರುತ್ತಾರೆ. ತೋಟೆಯ ಬಗೆಯನ್ನು ಬದಲಿಸಿದಾಗ ಹಿಂದಿನದರ ಜಿಡ್ಡು ನಳಿಗೆಯಲ್ಲಿ ಉಳಿದಿರುತ್ತದೆ. ಹೊಸ ಬಗೆಯ ಹತ್ತಿಪ್ಪತ್ತು ಗುಂಡುಗಳನ್ನು ಲೆಕ್ಕಕ್ಕೆ ಹಿಡಿಯದೆ ಹಾರಿಸಿ, ನಳಿಗೆಯನ್ನು ಪಳಗಿಸಿದ ಮೇಲೆಯೇ ಪರೀಕ್ಷೆ ಮೊದಲಾಗಬೇಕು.

ಮೂರನೆಯದಾಗಿ, ಮೂರು ಗುಂಡುಗಳ ಗುಂಪನ್ನು ನಂಬಬಾರದು. ಮೂರು ಎಸೆತಗಳನ್ನು ಕಂಡು ಬ್ಯಾಟುಗಾರನನ್ನು ತಂಡಕ್ಕೆ ಆರಿಸುವವರುಂಟೆ? ಮೂರು ತೂತುಗಳು ಅದೃಷ್ಟದಿಂದಲೂ ಒತ್ತಾಗಿ ಬೀಳುತ್ತವೆ. ಹತ್ತರ ಗುಂಪು ಬೇಕು. ಅದೂ ಒಂದಲ್ಲ, ಎರಡು ಮೂರು. ಅತ್ಯುತ್ತಮ ಗುಂಪನ್ನು ಕತ್ತರಿಸಿ ಪರ್ಸಿನಲ್ಲಿಟ್ಟು ಗೆಳೆಯರಿಗೆ ತೋರಿಸುವುದು ಮನುಷ್ಯಸ್ವಭಾವ. ತೋಟೆಯ ನಿಜವಾದ ಗುಣವನ್ನು ಹೇಳುವುದು ಅದರ ಅತ್ಯಂತ ಕೆಟ್ಟ ಗುಂಪು. ಪಂದ್ಯದ ದಿನ ಕೈಕೊಡುವುದು ಅಲ್ಲಿ ದೂರ ಸಿಡಿದ ಆ ಒಂದು ಗುಂಡೇ.

ನಾಲ್ಕನೆಯದಾಗಿ, ಯಾವ ಪೆಟ್ಟಿಗೆಯ ತೋಟೆ ಎಂಬುದು ಹಾರಿಸುವವನಿಗೆ ತಿಳಿಯದಂತೆ ಬೇರೊಬ್ಬರು ಕೈಗಿಡುವುದು ಒಳ್ಳೆಯದು. ದುಬಾರಿಯದೆಂದು ತಿಳಿದಾಗ ಕೈ ತಾನಾಗಿಯೇ ಹೆಚ್ಚು ಜಾಗರೂಕವಾಗುತ್ತದೆ.

ಕಡೆಯದಾಗಿ, ಹವೆಯನ್ನು ಮರೆಯಬಾರದು. ಬಿಸಿಲಿನಲ್ಲಿ ಕಾದ ಮದ್ದು ಹೆಚ್ಚು ರಭಸದಿಂದ ಉರಿಯುತ್ತದೆ, ಮೇಣವೂ ಮೆದುವಾಗುತ್ತದೆ. ಮಡಿಕೇರಿಯ ಮಳೆಗಾಲದ ತಂಪಿನಲ್ಲಿ ಆರಿಸಿದ ತೋಟೆ, ನಲವತ್ತು ಡಿಗ್ರಿ ದಾಟುವ ಗಂಗಾವತಿಯ ಬೇಸಿಗೆಯಲ್ಲಿ ಅದೇ ಮಾತನ್ನು ಆಡುವುದೆಂದು ಹೇಳಲಾಗದು. ಪೆ​ಟ್ಟಿಗೆಯನ್ನು ನೆರಳಿನಲ್ಲಿಡಬೇಕು, ಪಂದ್ಯ ನಡೆಯುವ ಹವೆಯಲ್ಲಿ ಇನ್ನೊಮ್ಮೆ ಪರೀಕ್ಷಿಸಬೇಕು.

ನೂರರ ಲೆಕ್ಕ

ಈಗ ಕೊಡಗಿನ ನೂರು ತೋಟೆಯ ಪ್ರಸಂಗಕ್ಕೆ ಬರಬಹುದು. ಐದು ಬಗೆಯ ತೋಟೆಗಳನ್ನು, ಬಗೆಗೆ ಎರಡು ಹತ್ತರ ಗುಂಪಿನಂತೆ ಪರೀಕ್ಷಿಸಿದರೆ ನೂರು ಮುಗಿಯಿತು. ನಳಿಗೆಯನ್ನು ಪಳಗಿಸುವ ಗುಂಡುಗಳು ಇನ್ನೂ ಲೆಕ್ಕಕ್ಕೆ ಸೇರಿಲ್ಲ. ಆರಿಸಿಯಾದ ಮೇಲೆ ಅಭ್ಯಾಸಕ್ಕೆ ಉಳಿದದ್ದು ಸೊನ್ನೆ, ಮತ್ತೆ ಕೊಳ್ಳಬೇಕು. ಹಬ್ಬದ ತೆಂಗಿನಕಾಯಿಗೆ ಇಷ್ಟು ಸೂಕ್ಷ್ಮ ಬೇಕಿಲ್ಲ ಎನ್ನಬಹುದು. ಆದರೆ ತೆಂಗಿನಕಾಯಿಯಿಂದ ಕಾಗದಕ್ಕೆ, ಹಬ್ಬದ ಬಯಲಿನಿಂದ ರಾಷ್ಟ್ರೀಯ ಪಂದ್ಯಕ್ಕೆ ಏರಬಯಸುವ ಹುಡುಗ ಹುಡುಗಿಯರಿಗೆ ಈ ಲೆಕ್ಕವೇ ಮೊದಲ ಕಂದಕ.

ಕೊಡಗಿನ ಹೊರಗಿನವರಿಗೆ ಕಂದಕ ಇನ್ನೂ ಆಳ. ೧೯೫೯ರ ಶಸ್ತ್ರಾಸ್ತ್ರ ಕಾಯಿದೆಯಂತೆ ಲೈಸೆನ್ಸು ಬೇಕು. ಎಷ್ಟು ತೋಟೆ ಕೊಳ್ಳಬಹುದೆಂಬುದಕ್ಕೂ ಮಿತಿಯುಂಟು. ಕೇಂದ್ರ ಸರ್ಕಾರ ೨೦೨೦ರಲ್ಲಿ ಕ್ರೀಡಾಪಟುಗಳ ಮಟ್ಟಿಗೆ ಈ ಮಿತಿಯನ್ನು ಸಡಿಲಿಸಿತು. ಪುಣೆಯ ಖಡ್ಕಿಯಲ್ಲಿ ೧೮೬೯ರಿಂದ ನಡೆದು ಬಂದು, ೨೦೨೧ರಲ್ಲಿ ಮ್ಯೂನಿಷನ್ಸ್ ಇಂಡಿಯಾ ಲಿಮಿಟೆಡ್ ಎಂಬ ಸರ್ಕಾರಿ ಕಂಪೆನಿಗೆ ಸೇರಿದ ಕಾರ್ಖಾನೆಯ ತೋಟೆಗಳು ದೇಶದ ತುಂಬ ಹೆಸರಾದುವು. ಆದರೆ ಎನ್.ಸಿ.ಸಿ.ಯ ಮೈದಾನದಲ್ಲಿ ಪಾಯಿಂಟ್ ೨೨ ಹಿಡಿದು ಮೊದಲ ಗುಂಡು ಹಾರಿಸಿದ ವಿದ್ಯಾರ್ಥಿಯ ಅಗತ್ಯ ಬೇರೆ, ಮಿಲಿಮೀಟರನ್ನು ಎಣಿಸುವ ಪಂದ್ಯದ ಅಗತ್ಯ ಬೇರೆ. ಎರಡನೆಯದಕ್ಕೆ ಭಾರತದ ಗುರಿಗಾರರು ಯೂರೋಪಿನ ಕಾರ್ಖಾನೆಗಳ ಕಡೆಗೇ ನೋಡುತ್ತಾರೆ.

ಆದರೂ ದಾರಿ ಮುಚ್ಚಿಲ್ಲ. ಬೆಳಗಾವಿಯ ನೆರೆಯ ಕೊಲ್ಹಾಪುರ ಇದಕ್ಕೆ ಸಾಕ್ಷಿ. ಅಲ್ಲಿಯ ತೇಜಸ್ವಿನಿ ಸಾವಂತ್ ೨೦೧೦ರಲ್ಲಿ ಜರ್ಮನಿಯ ಮ್ಯೂನಿಕ್ಕಿನಲ್ಲಿ, ೫೦ ಮೀಟರು ಮಲಗಿ ಹಾರಿಸುವ ಸ್ಪರ್ಧೆಯಲ್ಲಿ ೬೦೦ಕ್ಕೆ ೫೯೭ ಅಂಕ ಗಳಿಸಿ ವಿಶ್ವಚಾಂಪಿಯನ್ ಆದರು. ಅದೇ ಜಿಲ್ಲೆಯ ಸ್ವಪ್ನಿಲ್ ಕುಸಾಳೆ ೨೦೨೪ರ ಆಗಸ್ಟ್ ೧ರಂದು, ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಮೂರು ಭಂಗಿಗಳ ೫೦ ಮೀಟರು ರೈಫಲು ಸ್ಪರ್ಧೆಯ ಕಂಚನ್ನು ೪೫೧.೪ ಅಂಕಗಳಿಂದ ಗೆದ್ದರು. ಆ ಸ್ಪರ್ಧೆಯಲ್ಲಿ ಭಾರತಕ್ಕೆ ಒಲಿಂಪಿಕ್ ಪದಕ ದೊರೆತದ್ದು ಅದೇ ಮೊದಲು.

ನಗರದ ಮಕ್ಕಳು ಸಾಮಾನ್ಯವಾಗಿ ಮೊದಲು ಹಿಡಿಯುವುದು ಪಾಯಿಂಟ್ ೨೨ನ್ನಲ್ಲ, ಗಾಳಿಯ ಒತ್ತಡದಿಂದ ನಡೆಯುವ ಏರ್ ರೈಫಲನ್ನು. ೨೦೦೮ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಅದರಿಂದಲೇ. ಅಲ್ಲಿ ಮದ್ದಿಲ್ಲ, ಕೋಶವಿಲ್ಲ. ಇರುವುದು ಸೀಸದ ಒಂದು ಪುಟ್ಟ ಗುಳಿಗೆ. ಹತ್ತು ಮೀಟರು ದೂರ. ಹತ್ತು ಅಂಕದ ಚುಕ್ಕೆಯ ವ್ಯಾಸ ಅರ್ಧ ಮಿಲಿಮೀಟರು. ಗುಳಿಗೆಯ ಡಬ್ಬಿಗಳ ಮೇಲೆ ೪.೪೯, ೪.೫೦, ೪.೫೧ ಎಂಬ ಅಂಕಿಗಳಿರುವುದನ್ನು ಅನೇಕ ತಂದೆತಾಯಿಗಳು ಗಮನಿಸಿರುವುದಿಲ್ಲ. ಅವು ಗುಳಿಗೆಯ ತಲೆಯ ಅಳತೆ, ಮಿಲಿಮೀಟರುಗಳಲ್ಲಿ. ನೂರನೆಯ ಒಂದಂಶದ ಈ ಭೇದವೂ ಒಂದು ನಳಿಗೆಗೆ ಒಪ್ಪಿ ಇನ್ನೊಂದಕ್ಕೆ ಒಪ್ಪದಿರಬಹುದು. ಮಗನ ಅಂಕ ಏರಲಿಲ್ಲವೆಂದು ಹೊಸ ರೈಫಲಿಗೆ ಹಣ ಕೂಡಿಸುವ ಮುನ್ನ ನಾಲ್ಕು ಬಗೆಯ ಗುಳಿಗೆಯ ಡಬ್ಬಿಗಳನ್ನು ತಂದು ಹೋಲಿಸಿ ನೋಡುವುದು ವಿವೇಕ. ಖರ್ಚು ಅಲ್ಪ; ತಿಳಿಯುವುದು ಬಹಳ.

ಒಳ್ಳೆಯ ತೋಟೆ ಕೆಟ್ಟ ಗುರಿಗಾರನನ್ನು ಒಳ್ಳೆಯವನನ್ನಾಗಿ ಮಾಡದು. ನಡುಗುವ ಕೈಯನ್ನು ಅದು ನಿಲ್ಲಿಸದು. ಅವಸರದ ಬೆರಳಿಗೆ ಬುದ್ಧಿ ಹೇಳದು. ಅದು ಮಾಡುವ ಉಪಕಾರ ಬೇರೆ. ಒಪ್ಪುವ ತೋಟೆಯನ್ನು ಪರೀಕ್ಷಿಸಿ ಆರಿಸಿಕೊಂಡವನಿಗೆ, ತಪ್ಪಿದ ಪ್ರತಿಯೊಂದು ಗುಂಡೂ ತನ್ನದೇ ತಪ್ಪೆಂದು ತಿಳಿಯುತ್ತದೆ. ಎಲ್ಲಿ ತಿದ್ದಿಕೊಳ್ಳಬೇಕೆಂಬುದು ಅವನಿಗೆ ಮೊದಲ ಸಲ ಸ್ಪಷ್ಟವಾಗಿ ಕಾಣುವುದು ಆಗಲೇ. ಅಭ್ಯಾಸಕ್ಕೆ ಅರ್ಥ ಬರುವುದೂ ಅಲ್ಲಿಂದಲೇ. ನೆಲ ಡೊಂಕಿಲ್ಲವೆಂದು ಖಚಿತವಾದ ಮೇಲೆ ಉಳಿದದ್ದು ಕುಣಿತ ಒಂದೇ. ಅದನ್ನು ಕಲಿಯಬೇಕಾದವರು ಕುಣಿಯುವವರೇ.